ಸ್ಯಾಟ್ ಅಂಕ ತೋರಿಸಬೇಕೆ, ಬಿಡಬೇಕೆ? ಕಾಲೇಜು ಕಾಲೇಜಿಗೂ ಬೇರೆ ಲೆಕ್ಕ

ಅಮೆರಿಕದಲ್ಲಿ ಪದವಿ ಓದಲು ಅರ್ಜಿ ಹಾಕುವ ಮಕ್ಕಳಿರುವ ಮನೆಗಳಲ್ಲಿ ಅಕ್ಟೋಬರ್ ಹೊತ್ತಿಗೆ ಶುರುವಾಗುವ ಚರ್ಚೆ ಇದು: ಪ್ರವೇಶ ಪರೀಕ್ಷೆಯಾದ ಸ್ಯಾಟ್‌ನಲ್ಲಿ 1600ಕ್ಕೆ 1380 ಬಂದಿದೆ, ಕಾಲೇಜು ‘ಟೆಸ್ಟ್ ಆಪ್ಷನಲ್’ (ಅಂಕ ಕೊಡುವುದು ನಿಮ್ಮಿಷ್ಟ) ಎಂದಿದೆ, ಅಂಕ ಕೊಡೋಣವೋ ಬೇಡವೋ? ಎಷ್ಟೋ ಮಂದಿ ಎಲ್ಲ ಕಾಲೇಜುಗಳಿಗೂ ಒಂದೇ ಉತ್ತರ ಹುಡುಕುತ್ತಾರೆ. ತಪ್ಪುವುದೇ ಅಲ್ಲಿ. ಹತ್ತು ಕಾಲೇಜಿಗೆ ಅರ್ಜಿ ಹಾಕುವುದಾದರೆ ಹತ್ತು ಸಲ ತೀರ್ಮಾನಿಸಬೇಕು.

ಮೊದಲು ಪಟ್ಟಿ ಬೇರ್ಪಡಿಸಿ

ಒಂದು ಹಾಳೆಯಲ್ಲಿ ಕಾಲೇಜುಗಳ ಹೆಸರು ಬರೆದು ಮೂರು ಗುಂಪು ಮಾಡಿಕೊಳ್ಳಿ. ಅಂಕ ಕಡ್ಡಾಯವಾಗಿರುವವು, ಅಂಕ ನೋಡದೇ ಇರುವವು, ನಿಮಗೇ ಬಿಟ್ಟಿರುವವು. 2020ರಲ್ಲಿ ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುತೇಕ ಕಾಲೇಜುಗಳು ವಿನಾಯಿತಿ ಕೊಟ್ಟಿದ್ದವು. ಆದರೆ ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಅದೇ ದಾರಿ ಹಿಡಿದವು. ಯೇಲ್ ಮಾತ್ರ ಸ್ಯಾಟ್ ಅಥವಾ ಅದರಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಬದಲು ಎಪಿ, ಐಬಿ ಎಂಬ ಹೈಸ್ಕೂಲು ಕೋರ್ಸುಗಳ ಪರೀಕ್ಷೆಯ ಅಂಕಗಳನ್ನೂ ಒಪ್ಪುವುದಾಗಿ ಹೇಳಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದಂತೆ ಯಾವ ಕ್ಯಾಂಪಸ್ಸೂ ಪ್ರವೇಶ ನಿರ್ಧರಿಸುವಾಗ ಅಂಕ ನೋಡುವುದೇ ಇಲ್ಲ. 1600 ಬಂದಿದ್ದರೂ ಅಲ್ಲಿ ಪ್ರಯೋಜನವಿಲ್ಲ. ನಿಯಮ ವರ್ಷ ವರ್ಷ ಬದಲಾಗುತ್ತಿರುವುದರಿಂದ ಅಣ್ಣನಿಗೆ, ಪಕ್ಕದ ಮನೆಯವರಿಗೆ ಇದ್ದ ನಿಯಮವನ್ನು ನೆಚ್ಚಿಕೊಳ್ಳಬೇಡಿ. ನೀವು ಸೇರುವ ವರ್ಷದ ನಿಯಮವನ್ನು ಕಾಲೇಜಿನ ಪ್ರವೇಶ ವಿಭಾಗದ ಪುಟದಲ್ಲೇ ಓದಿ. ವಿದೇಶಿ ವಿದ್ಯಾರ್ಥಿಗಳಿಗೆ, ಎಂಜಿನಿಯರಿಂಗ್‌ಗೆ, ವಿದ್ಯಾರ್ಥಿವೇತನಕ್ಕೆ ಬೇರೆ ಷರತ್ತು ಇದೆಯೇ ಎಂಬುದನ್ನೂ ಅಲ್ಲೇ ಹುಡುಕಿ. ಪ್ರವೇಶಕ್ಕೆ ಅಂಕ ಕೇಳದ ಕಾಲೇಜು ವಿದ್ಯಾರ್ಥಿವೇತನಕ್ಕೆ ಕೇಳಬಹುದು. ಟೋಫೆಲ್, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಗಳ ನಿಯಮವೇ ಬೇರೆ. ಸ್ಯಾಟ್ ವಿನಾಯಿತಿ ಇದ್ದ ಮಾತ್ರಕ್ಕೆ ಅವು ತಪ್ಪುವುದಿಲ್ಲ.

ಮುಂದಿನ ಕೆಲಸವೆಲ್ಲ ಮೂರನೆಯ ಗುಂಪಿನದು.

ಕಾಲೇಜಿನ ಅಂಕಿಗಳನ್ನು ಓದುವ ಬಗೆ

ಅಮೆರಿಕದ ಬಹುತೇಕ ಕಾಲೇಜುಗಳು ಪ್ರತಿವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಪದ ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಸಿ7 ಮತ್ತು ಸಿ9 ಎಂಬ ಎರಡು ಭಾಗ ಸಾಕು. ಪ್ರವೇಶ ಕೊಡುವಾಗ ಪರೀಕ್ಷಾ ಅಂಕಕ್ಕೆ ಎಷ್ಟು ತೂಕ ಎಂಬುದು ಸಿ7ರಲ್ಲಿರುತ್ತದೆ. ಸೇರಿದವರಲ್ಲಿ ಶೇಕಡಾ ಎಷ್ಟು ಮಂದಿ ಅಂಕ ಕೊಟ್ಟಿದ್ದರು, ಅವರ 25, 50, 75ನೇ ಪರ್ಸೆಂಟೈಲ್ ಎಷ್ಟು ಎಂಬುದು ಸಿ9ರಲ್ಲಿ. 25ನೇ ಪರ್ಸೆಂಟೈಲ್ ಎಂದರೆ ನೂರರಲ್ಲಿ 25 ಮಂದಿಗೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದಿರುವ ಅಂಕ.

ಹೆಚ್ಚಿನವರು ಎಡವುವುದು ಈ ಸಿ9 ಓದುವಾಗ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಾಲೇಜಿಗೆ 1000 ಮಂದಿ ಸೇರಿದ್ದಾರೆ, ಶೇ 40 ಮಂದಿ ಸ್ಯಾಟ್ ಅಂಕ ಕೊಟ್ಟಿದ್ದಾರೆ, 25ನೇ ಪರ್ಸೆಂಟೈಲ್ 1400, 75ನೆಯದು 1510 ಎಂದಿಟ್ಟುಕೊಳ್ಳಿ. ಈ 1400 ಎನ್ನುವುದು ಸಾವಿರ ಮಂದಿಯ ಲೆಕ್ಕವಲ್ಲ, ಅಂಕ ತೋರಿಸಿದ 400 ಮಂದಿಯದು ಮಾತ್ರ. ಆ 400ರಲ್ಲೂ ಸುಮಾರು 100 ಮಂದಿ 1400 ಅಥವಾ ಅದಕ್ಕಿಂತ ಕಡಿಮೆ ಅಂಕ ತೋರಿಸಿಯೇ ಒಳಗೆ ಹೋಗಿದ್ದಾರೆ. ಕಡಿಮೆ ಬಂದವರು ಅಂಕ ಕೊಡದೆ ಉಳಿದಷ್ಟೂ ಪ್ರಕಟವಾಗುವ ಅಂಕಿ ಏರುತ್ತದೆ. ಅದನ್ನು ಕಂಡು ಮುಂದಿನ ವರ್ಷದವರು ಇನ್ನಷ್ಟು ಹಿಂಜರಿಯುತ್ತಾರೆ, ಅಂಕಿ ಮತ್ತೂ ಏರುತ್ತದೆ. ಹಾಗಾಗಿ ‘50ನೇ ಪರ್ಸೆಂಟೈಲ್‌ಗಿಂತ ಕಡಿಮೆಯಿದ್ದರೆ ಕಳಿಸಬೇಡಿ’ ಎಂಬ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸುವುದು ತರವಲ್ಲ. 2020ಕ್ಕೆ ಮುಂಚಿನ ದಾಖಲೆಯನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ. ಆಗ ಅಂಕ ಕಡ್ಡಾಯವಾಗಿದ್ದ ಕಾಲೇಜಾದರೆ ಆ ಕಾಲದ ಅಂಕಿ ಕಾಲೇಜಿನ ನಿಜವಾದ ಮಟ್ಟಕ್ಕೆ ಹತ್ತಿರ. ಎಸಿಟಿ ಬರೆದಿದ್ದರೆ ಹೊಂದಾಣಿಕೆ ಪಟ್ಟಿ ಬಳಸಿ. ಎಸಿಟಿಯ 31 ಅಂದರೆ ಸ್ಯಾಟ್‌ನ 1390ರಿಂದ 1410.

ನಿಮ್ಮ ಶಾಲೆಯ ನೆಲೆಯಲ್ಲಿ ನೋಡಿ

ಅಂಕ 75ನೇ ಪರ್ಸೆಂಟೈಲ್ ದಾಟಿದ್ದರೆ ಯೋಚಿಸುವುದೇ ಬೇಡ, ಕೊಡಿ. 25 ಮತ್ತು 75ರ ನಡುವೆ ಇದ್ದರೂ ನಮ್ಮ ಸಲಹೆ ಕೊಡಿ ಎಂದೇ. ಕಷ್ಟವಿರುವುದು 25ಕ್ಕಿಂತ ತುಸು ಕೆಳಗಿರುವವರಿಗೆ.

ಅರ್ಜಿ ಓದುವವರು ಅಂಕವನ್ನು ಒಂಟಿಯಾಗಿ ನೋಡುವುದಿಲ್ಲ; ಈ ಹುಡುಗಿ ಯಾವ ಶಾಲೆಯಿಂದ ಬಂದಳು, ಅಲ್ಲಿ ಉಳಿದವರಿಗೆ ಎಷ್ಟು ಬರುತ್ತದೆ ಎಂದೂ ನೋಡುತ್ತಾರೆ. 2024ರಲ್ಲಿ ಡಾರ್ಟ್‌ಮತ್ ತನ್ನ ಅರ್ಜಿಗಳನ್ನೇ ಪರಿಶೀಲಿಸಿದಾಗ, ಅನುಕೂಲ ಕಡಿಮೆಯಿದ್ದ ಹಿನ್ನೆಲೆಯ ಎಷ್ಟೋ ಮಕ್ಕಳು 1400ರ ಆಸುಪಾಸಿನ ಅಂಕ ಬಚ್ಚಿಟ್ಟಿದ್ದು, ತೋರಿಸಿದ್ದರೆ ಅವರಿಗೇ ಒಳಿತಾಗುತ್ತಿದ್ದುದು ಕಂಡುಬಂತು. ಬೇಸರದ ಸಂಗತಿ ಇದು: ಯಾರಿಗೆ ಆ ಅಂಕದಿಂದ ಹೆಚ್ಚು ಲಾಭವಿತ್ತೋ ಅವರೇ ಅದನ್ನು ಕೈಬಿಟ್ಟರು.

ಕರ್ನಾಟಕದ ಪಿಯು ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಜನವರಿ 1ರ ಗಡುವಿನ ಹೊತ್ತಿಗೆ ದ್ವಿತೀಯ ಪಿಯು ಫಲಿತಾಂಶ ಬಂದಿರುವುದಿಲ್ಲ. ಕಾಲೇಜಿನ ಮುಂದೆ ಇರುವುದು ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯು ಮತ್ತು ಉಪನ್ಯಾಸಕರು ಅಂದಾಜಿಸಿದ ಅಂಕ. ಅಲ್ಲಿನವರಿಗೆ ಪರಿಚಯವೇ ಇಲ್ಲದ ಊರಿನ ಕಾಲೇಜಾದರೆ ಸ್ಯಾಟ್ ಅಂಕವೊಂದೇ ಎಲ್ಲರಿಗೂ ಸಮನಾದ ಅಳತೆಯಾಗಿ ಉಳಿಯುತ್ತದೆ. ಹಾಗಿರುವಾಗ 25ನೇ ಪರ್ಸೆಂಟೈಲ್‌ಗಿಂತ ಹತ್ತಿಪ್ಪತ್ತು ಕಡಿಮೆಯಿದ್ದರೂ ಕೊಡುವುದು ಲೇಸು. ನೂರಕ್ಕಿಂತ ಹೆಚ್ಚು ಕಡಿಮೆಯಿದ್ದು, ತರಗತಿಯ ಅಂಕ ಚೆನ್ನಾಗಿದ್ದರೆ ಬಿಡಿ.

ಒಟ್ಟು ಅಂಕದ ಜೊತೆ ಎರಡು ವಿಭಾಗಗಳನ್ನೂ ಬೇರೆ ಬೇರೆ ನೋಡಿ. ಗಣಿತ 780, ಓದು ಮತ್ತು ಬರವಣಿಗೆ 620 ಬಂದರೂ 1400. ಎರಡನ್ನೂ ಅದಲುಬದಲು ಮಾಡಿದರೂ 1400. ಕಂಪ್ಯೂಟರ್ ಸೈನ್ಸ್ ಕೇಳುವವರಿಗೆ ಮೊದಲನೆಯದು ಬಲ, ಎರಡನೆಯದು ಪ್ರಶ್ನೆ ಎಬ್ಬಿಸುತ್ತದೆ. ಎರಡು ಮೂರು ಸಲ ಬರೆದಿದ್ದರೆ, ಪ್ರತಿ ವಿಭಾಗದಲ್ಲೂ ಬಂದ ಅತಿಹೆಚ್ಚಿನ ಅಂಕ ಸೇರಿಸಿ ನೋಡುವ ‘ಸೂಪರ್‌ಸ್ಕೋರ್’ ಪದ್ಧತಿ ಆ ಕಾಲೇಜಿನಲ್ಲಿದೆಯೇ ತಿಳಿದುಕೊಳ್ಳಿ. ಇದ್ದರೆ ಹೋಲಿಸಬೇಕಾದದ್ದು ಆ ಮೊತ್ತವನ್ನೇ.

ಬೇಡವೆಂದ ಮೇಲೂ ಅಂಕ ಸೋರುವ ಜಾಗಗಳು

ಸ್ಯಾಟ್‌ಗೆ ನೋಂದಾಯಿಸುವಾಗ ನಾಲ್ಕು ಕಾಲೇಜುಗಳಿಗೆ ಉಚಿತವಾಗಿ ಅಂಕ ಕಳಿಸುವ ಅವಕಾಶವಿರುತ್ತದೆ. ಆದರೆ ಎಷ್ಟು ಬಂತೆಂದು ತಿಳಿಯುವ ಮುಂಚೆಯೇ ಅದನ್ನು ಬಳಸಬೇಕು. ತೀರ್ಮಾನ ನಿಮ್ಮ ಕೈಯಲ್ಲೇ ಇರಬೇಕೆಂದರೆ ಆ ಉಚಿತವನ್ನು ಬಿಟ್ಟುಬಿಡಿ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ‘ಕಾಮನ್ ಆಪ್’ ಜಾಲತಾಣದಲ್ಲಿ ಅಂಕದ ವಿಚಾರ ಎರಡು ಕಡೆ ಬರುತ್ತದೆ: ಎಲ್ಲ ಕಾಲೇಜುಗಳಿಗೂ ಸೇರಿದ ‘ಟೆಸ್ಟಿಂಗ್’ ಭಾಗದಲ್ಲಿ ಒಮ್ಮೆ, ಆಯಾ ಕಾಲೇಜಿನ ಪ್ರಶ್ನೆಗಳಲ್ಲಿ ಇನ್ನೊಮ್ಮೆ. ಎರಡೂ ಉತ್ತರ ಹೊಂದಬೇಕು. ಒಂದು ಕಾಲೇಜಿಗೆ ಸಲ್ಲಿಸಿದ ಮೇಲೆ ಟೆಸ್ಟಿಂಗ್ ಭಾಗವನ್ನು ಬದಲಾಯಿಸಿ ಮುಂದಿನದಕ್ಕೆ ಸಲ್ಲಿಸಬಹುದು. ಕೊನೆಯ ಬಟನ್ ಒತ್ತುವ ಮುಂಚೆ ಪಿಡಿಎಫ್ ತೆರೆದು, ಅಂಕ ಇರಬೇಕಾದಲ್ಲಿ ಇದೆಯೇ, ಇರಬಾರದಲ್ಲಿ ಇಲ್ಲವೇ ನೋಡಿ. ಅಮೆರಿಕದಲ್ಲೇ ಓದುತ್ತಿರುವ ಮಕ್ಕಳ ಪೋಷಕರು ಇನ್ನೊಂದು ಗಮನಿಸಬೇಕು: ಕೆಲವು ಹೈಸ್ಕೂಲುಗಳು ಅಂಕಪಟ್ಟಿಯಲ್ಲೇ ಸ್ಯಾಟ್ ಅಂಕ ಮುದ್ರಿಸುತ್ತವೆ. ಕೌನ್ಸೆಲರ್‌ಗೆ ಮೊದಲೇ ಹೇಳಿ ತೆಗೆಸಿ. ಶಿಫಾರಸು ಪತ್ರದಲ್ಲಿ ಅಂಕ ಬರೆಯದಂತೆ ಶಿಕ್ಷಕರನ್ನೂ ಕೇಳಿಕೊಳ್ಳಿ.

ಕೊಡುವುದೆಂದಾದರೆ ಹಲವು ಕಾಲೇಜುಗಳಲ್ಲಿ ನೀವೇ ತುಂಬಿದ ಅಂಕ ಸದ್ಯಕ್ಕೆ ಸಾಕು, ಅಧಿಕೃತ ವರದಿ ಸೀಟು ಸಿಕ್ಕ ಮೇಲೆ. ಆಗ ಎರಡೂ ಹೊಂದದಿದ್ದರೆ ಸೀಟಿಗೇ ಕುತ್ತು ಬರಬಹುದು, ಆದ್ದರಿಂದ ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ವರದಿಯನ್ನು ಎದುರಿಗಿಟ್ಟುಕೊಂಡೇ ಅಂಕ ತುಂಬಿ.