ಒಂದೇ ಜಾಡಿಯಲ್ಲಿ ಎರಡು ಅನಿಲದ ಲೆಕ್ಕ

ಜೌಗಿನ ಕೆಸರಿಗೆ ಪಾರದರ್ಶಕ ಕೊಳವೆ ಇಳಿಸಿ, ಅಡಿಗೆ ಬಿರಡೆ ಹಾಕಿ ಮೇಲೆತ್ತಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಒಂದು ತೆಳ್ಳನೆಯ ಕಂದು ಪದರ ಕಾಣುತ್ತದೆ. ಅದರ ಕೆಳಗೆಲ್ಲ ಕಪ್ಪು. ಆಮ್ಲಜನಕ ಇಳಿಯುವುದು ಮೇಲಿನ ಕೆಲವೇ ಮಿಲಿಮೀಟರ್. ಅಷ್ಟೇ ಜಾಗದಲ್ಲಿ ಎಷ್ಟೊಂದು ನಡೆಯುತ್ತದೆ ನೋಡಿ. ಕಪ್ಪು ಕೆಸರಿನ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಾಣುವ ಬೇರೊಂದು ಗುಂಪಿನ ಸೂಕ್ಷ್ಮಜೀವಿಗಳು) ತಯಾರಿಸಿದ ಮೀಥೇನ್ ಮೇಲೇರುವಾಗ ಕಂದು ಪದರದ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ. ಪಕ್ಕದಲ್ಲೇ ಬೇರೆ ಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ಕೂದಲೆಳೆಯಷ್ಟು ಕೆಳಗಿಳಿದರೆ ಸಾಕು, ಡೀನೈಟ್ರಿಫಿಕೇಶನ್ ಮಾಡುವ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಮರಳಿಸುತ್ತವೆ.

ಮೀಥೇನ್‌ದು, ಸಾರಜನಕದ್ದು ಎಂಬ ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡಬಾರದು ಎಂಬುದು ನನ್ನ ಹಟ. ಜೌಗಿಗೆ ನೈಟ್ರೇಟ್ ಹರಿದುಬಂದರೆ ಅದನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಆರ್ಕಿಯಾಗಳ ಆಹಾರವಾದ ಹೈಡ್ರೋಜನ್, ಅಸಿಟೇಟ್‌ಗಳನ್ನು ಮೊದಲೇ ಕಬಳಿಸುವುದರಿಂದ ಮೀಥೇನ್ ತಗ್ಗಬಹುದು. ಆದರೆ ಡೀನೈಟ್ರಿಫಿಕೇಶನ್ ಅರ್ಧಕ್ಕೆ ನಿಂತರೆ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಬಿಸಿಯೇರಿಸಿದರೆ, ನೈಟ್ರಸ್ ಆಕ್ಸೈಡ್ 273 ಪಟ್ಟು. ಒಂದು ತಗ್ಗಿತೆಂದು ನೆಮ್ಮದಿಯಿಂದ ಇರುವಂತಿಲ್ಲ.

ಹಾಗಾಗಿ ಎರಡನ್ನೂ ಒಂದೇ ಜಾಡಿಯಲ್ಲಿ ಅಳೆಯಲು ಹೊರಟೆ. ಆಗ ನನಗೆ ಗೊತ್ತಿದ್ದದ್ದು ಅಸಿಟಿಲೀನ್ ವಿಧಾನ. ಕೆಸರಿನ ಮೇಲಿನ ಗಾಳಿಗೆ ಶೇ. 10ರಷ್ಟು ಅಸಿಟಿಲೀನ್ ಸೇರಿಸಿದರೆ ನೈಟ್ರಸ್ ಆಕ್ಸೈಡ್‌ನಿಂದ ಸಾರಜನಕಕ್ಕೆ ಹೋಗುವ ಕೊನೆಯ ಹೆಜ್ಜೆ ನಿಂತುಬಿಡುತ್ತದೆ. ಶೇಖರವಾದ ನೈಟ್ರಸ್ ಆಕ್ಸೈಡ್ ಅಳೆದರೆ ಡೀನೈಟ್ರಿಫಿಕೇಶನ್ ಎಷ್ಟೆಂದು ತಿಳಿಯುತ್ತದೆ. ಕೆಸರನ್ನು ಕಲಕದೆ ಜಾಡಿಗೆ ಇಳಿಸಿ, ಅಸಿಟಿಲೀನ್ ಕೊಟ್ಟು, ಸಿರಿಂಜ್‌ನಲ್ಲಿ ತೆಗೆದ ಅದೇ ಗಾಳಿಯಲ್ಲಿ ಮೀಥೇನನ್ನೂ ನೋಡಿದೆ. ಮೀಥೇನ್ ಜೋರಾಗಿ ಏರುತ್ತಿತ್ತು. ಈ ಜಾಗದಲ್ಲಿ ಮೀಥೇನ್ ತಿನ್ನುವ ಜೀವಿಗಳೇ ಇಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಬಿಟ್ಟೆ.

ವಾರಗಳ ಮೇಲೆ, ಅಸಿಟಿಲೀನ್ ಇಲ್ಲದ ಜಾಡಿಗಳನ್ನೂ ಜೊತೆಗಿಟ್ಟಾಗ ತಪ್ಪು ಗೊತ್ತಾಯಿತು. ಅವುಗಳಲ್ಲಿ ಮೀಥೇನ್ ಏರಿಕೆ ತೀರಾ ಕಡಿಮೆ. ತಿನ್ನುವವರು ಇದ್ದರು, ನಾನೇ ಅವರ ಬಾಯಿ ಕಟ್ಟಿದ್ದೆ. ಮೀಥೇನ್ ತಿನ್ನಲು ಬೇಕಾದ ಕಿಣ್ವ ಅಸಿಟಿಲೀನನ್ನು ಆಹಾರವೆಂದು ಹಿಡಿದು, ಬಿಡಿಸಿಕೊಳ್ಳಲಾಗದೆ ಕೆಟ್ಟುಹೋಗುತ್ತದೆ. ಅದಕ್ಕೆ ಶೇ. 10 ಬೇಡ, ಅತಿ ಕಡಿಮೆ ಪ್ರಮಾಣವೇ ಸಾಕು. ಅಮೋನಿಯಂ ಮೇಲೆ ಕೆಲಸ ಮಾಡುವ ಕಿಣ್ವ ಇದರದೇ ಬಳಗದ್ದು, ಅದಕ್ಕೂ ಅದೇ ಗತಿ. ಅಂದರೆ ಹೊಸ ನೈಟ್ರೇಟ್ ಹುಟ್ಟುವುದೂ ನಿಂತಿತ್ತು, ಡೀನೈಟ್ರಿಫಿಕೇಶನ್ ಅಂಕಿಯೂ ಕಡಿಮೆ ಬಂದಿತ್ತು. ಒಂದೇ ಅನಿಲ ನನ್ನ ಎರಡು ಲೆಕ್ಕಗಳನ್ನೂ ಕೆಡಿಸಿತ್ತು. ಆ ವಾರಗಳ ದತ್ತಾಂಶವನ್ನೆಲ್ಲ ಪಕ್ಕಕ್ಕಿಟ್ಟೆ.

ಈಗ ಬಳಸುವುದು ಸಾರಜನಕ-15. ಭಾರದ ಸಾರಜನಕವಿರುವ ನೈಟ್ರೇಟನ್ನು ಕೊಳವೆಯ ನೀರಿಗೆ ಸ್ವಲ್ಪವೇ ಸೇರಿಸುತ್ತೇನೆ. ಕೆಲವು ಗಂಟೆಗಳ ನಂತರ ನೀರಲ್ಲಿ 29 ಮತ್ತು 30 ದ್ರವ್ಯರಾಶಿಯ, ಅಂದರೆ ಒಂದು ಅಥವಾ ಎರಡು ಭಾರದ ಪರಮಾಣು ಸೇರಿದ ಸಾರಜನಕ ಎಷ್ಟಿದೆ ಎಂದು ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಭಾರದ ಮತ್ತು ಸಾಮಾನ್ಯ ಪರಮಾಣುಗಳು ಹೇಗೆ ಜೋಡಿಯಾದವು ಎಂಬುದರ ಮೇಲೆ ವಿಜ್ಞಾನಿ ನೀಲ್ಸನ್ 1992ರಲ್ಲಿ ಕೊಟ್ಟ ಲೆಕ್ಕದಿಂದ, ಮೊದಲೇ ಅಲ್ಲಿದ್ದ ಸಾಮಾನ್ಯ ನೈಟ್ರೇಟ್ ಎಷ್ಟು ಅನಿಲವಾಯಿತೆಂದು ತೆಗೆಯಬಹುದು. ಯಾರಿಗೂ ವಿಷ ಹಾಕಿಲ್ಲವಾದ್ದರಿಂದ ಮೀಥೇನನ್ನೂ ಅದೇ ಕೊಳವೆಯಲ್ಲಿ ಅಳೆಯುತ್ತೇನೆ.

ಆದರೆ ಕೈ ಪಳಗಬೇಕು. ಗಾಳಿಯಲ್ಲಿ ಶೇ. 78 ಸಾರಜನಕವೇ ಇರುವುದರಿಂದ ಮಾದರಿ ಬಾಟಲಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಉಳಿದರೂ ಅಳತೆ ಕೆಡುತ್ತದೆ. ಸಣ್ಣ ಕೊಳವೆಯ ತುದಿಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ನೀರು ನಿಧಾನವಾಗಿ ತುಂಬಿ ಚೆಲ್ಲುವವರೆಗೆ ಬಿಡುತ್ತೇನೆ. ಜೀವಿಗಳ ಕೆಲಸ ಅಲ್ಲಿಗೇ ನಿಲ್ಲಲಿ ಎಂದು ಜಿಂಕ್ ಕ್ಲೋರೈಡ್ ಹಾಕಿ, ಬಾಯಿಯಲ್ಲಿ ನೀರು ಉಬ್ಬಿ ನಿಂತಿರುವಾಗಲೇ ಮುಚ್ಚಳ ತಿರುಗಿಸುತ್ತೇನೆ. ಆಮೇಲೆ ಬಾಟಲಿ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟುವುದು. ಗುಳ್ಳೆ ಕಂಡರೆ ಆ ಮಾದರಿ ಬೇಡ.

ಜೌಗಿನಲ್ಲೂ ಗುಳ್ಳೆಯದೇ ಕಾಟ. ಕೆಸರಿನಿಂದ ಏಳುವ ಅನಿಲ ಹಿಡಿಯುವ ಚೇಂಬರ್ ಮುಚ್ಚಿ 0, 10, 20, 30ನೇ ನಿಮಿಷಕ್ಕೆ ಗಾಳಿ ತೆಗೆಯುವಾಗ ಪಕ್ಕದಲ್ಲಿ ಕಾಲಿಟ್ಟರೆ ಕೆಸರು ಅದುಮಿ ಮೀಥೇನ್ ಗುಳಗುಳನೆ ಮೇಲೇಳುತ್ತದೆ. ನಾಲ್ಕು ಅಂಕಿ ನೇರ ಗೆರೆಯಲ್ಲಿ ಬರುವ ಬದಲು ಒಂದು ಕಡೆ ಹಾರಿರುತ್ತದೆ. ಅದಕ್ಕೇ ಮೊದಲು ಹಲಗೆ ಹಾಸಿ, ಹಲಗೆಯ ಮೇಲೆ ಕೂತೇ ಕೆಲಸ. ಇನ್ನು ಜೊಂಡನ್ನು ಚೇಂಬರ್‌ನಿಂದ ಹೊರಗಿಟ್ಟರೆ ಲೆಕ್ಕ ಅಪೂರ್ಣ, ಟೊಳ್ಳು ಕಾಂಡದೊಳಗಿಂದ ಮೀಥೇನ್ ಕಂದು ಪದರ ತಪ್ಪಿಸಿಕೊಂಡು ನೇರ ಗಾಳಿಗೆ ಸೇರುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಜಾಗದ ಕೆಸರು ತಲೆ ತಿನ್ನುತ್ತಿತ್ತು. ಹೀಲಿಯಂ ಹಾಯಿಸಿ ಆಮ್ಲಜನಕ ಪೂರ್ತಿ ತೆಗೆದ ಬಾಟಲಿಯಲ್ಲೂ ಮೀಥೇನ್ ಮೆಲ್ಲಗೆ ಇಳಿಯುತ್ತಿತ್ತು, ಅದೂ ನೈಟ್ರೈಟ್ (ನೈಟ್ರೇಟ್‌ಗಿಂತ ಒಂದು ಆಮ್ಲಜನಕ ಕಡಿಮೆ ಇರುವ ರೂಪ) ಇದ್ದರೆ ಮಾತ್ರ. 2010ರಲ್ಲಿ ವಿವರಿಸಲಾದ ಮೀಥೈಲೋಮಿರಾಬಿಲಿಸ್ ಆಕ್ಸಿಫೆರಾ ಎಂಬ ಬ್ಯಾಕ್ಟೀರಿಯಾ ಮಾಡುವುದು ಇದನ್ನೇ. ನೈಟ್ರೈಟನ್ನು ನೈಟ್ರಿಕ್ ಆಕ್ಸೈಡ್ ಮಾಡಿ, ಅದನ್ನು ಸಾರಜನಕ ಮತ್ತು ಆಮ್ಲಜನಕವಾಗಿ ಒಡೆದು, ತನ್ನೊಳಗೇ ಹುಟ್ಟಿಸಿಕೊಂಡ ಆಮ್ಲಜನಕದಿಂದ ಮೀಥೇನ್ ತಿನ್ನುತ್ತದೆ. ನಾನು ಬೇರೆ ಬೇರೆ ಇಡಬಾರದೆಂದಿದ್ದ ಎರಡು ಲೆಕ್ಕ ಇಲ್ಲಿ ಒಂದೇ ಜೀವಕೋಶದೊಳಗಿದೆ. ನನ್ನ ಕೆಸರಲ್ಲಿರುವುದು ಅದೇನಾ ಎಂದು ನೋಡಲು ಭಾರದ ಇಂಗಾಲವಿರುವ (ಇಂಗಾಲ-13) ಮೀಥೇನ್ ಕೊಟ್ಟ ಬಾಟಲಿಗಳು ಕತ್ತಲಲ್ಲಿ ಕೂತಿವೆ. ಆ ಬ್ಯಾಕ್ಟೀರಿಯಾ ಒಂದು ಎರಡಾಗಲು ವಾರಗಳೇ ಬೇಕು, ನೈಟ್ರೈಟ್ ಹೆಚ್ಚಾದರೆ ಸಾಯುತ್ತದೆ. ಹಾಗಾಗಿ ಚೂರುಚೂರೇ ಹಾಕಿ ಕಾಯುತ್ತಿದ್ದೇನೆ.