ಬೆಂಚು ಬಡಿದರೂ ಗುರುತು ಸಿಗುವ ಬೀಟ್

ಮೇಷ್ಟ್ರು ತರಗತಿಗೆ ಬರುವುದು ತಡವಾದರೆ ಹಿಂದಿನ ಸಾಲಿನವರು ಬೆಂಚು ಬಡಿಯಲು ಶುರು ಮಾಡುತ್ತಾರಲ್ಲ, ಆ ರೋಗ ಅಮೆರಿಕದಲ್ಲೂ ಇದೆ. 2002ರಲ್ಲಿ ವರ್ಜೀನಿಯಾದ ಕ್ಲಿಪ್ಸ್ ಎಂಬ ರ್‍ಯಾಪ್ ಜೋಡಿಯ ‘ಗ್ರೈಂಡಿನ್’ ಹಾಡು ಹೊರಬಂದಾಗ ಅಲ್ಲಿನ ಶಾಲೆಗಳ ಊಟದ ಮೇಜುಗಳು ಹುಡುಗರ ಕೈಗೆ ಸಿಕ್ಕಿ ಪಡಬಾರದ ಪಾಡು ಪಟ್ಟವು. ಮುಷ್ಟಿಯಿಂದ ಗುದ್ದಿದರೆ ಕಿಕ್ ಎಂಬ ದಪ್ಪ ಡ್ರಮ್ಮಿನ ಗುಮ್ಮು, ಅಂಗೈಯಿಂದ ತಟ್ಟಿದರೆ ಸ್ನೇರ್ ಎಂಬ ಚುರುಕು ಡ್ರಮ್ಮಿನ ಪೆಟ್ಟು, ಪೆನ್ಸಿಲಿನ ತುದಿಯಿಂದ ಕುಟ್ಟಿದರೆ ಉಳಿದದ್ದು. ನೆಪ್ಚೂನ್ಸ್ ಹೆಸರಿನಲ್ಲಿ ಆ ಬೀಟ್ ಕಟ್ಟಿದ ಫ್ಯಾರೆಲ್ ವಿಲಿಯಮ್ಸ್ ಮತ್ತು ಚಾಡ್ ಹ್ಯೂಗೊ ಅದರಲ್ಲಿ ರಾಗವೆನ್ನುವಂಥದ್ದನ್ನು ಹೆಚ್ಚುಕಡಿಮೆ ಇಟ್ಟೇ ಇರಲಿಲ್ಲ. ಬರೀ ಬಡಿತ, ಬಡಿತದ ನಡುವೆ ಧಾರಾಳವಾಗಿ ಖಾಲಿ ಜಾಗ. ಆ ಮಕ್ಕಳಿಗೆ ಇಂದು ಮಕ್ಕಳಿದ್ದಾರೆ. ಬೀಟ್ ಮಾತ್ರ ಹಾಗೆಯೇ ಇದೆ.

ಹಿಪ್‌ಹಾಪ್ ಬೀಟ್ ಹತ್ತಾರು ವರ್ಷ ಬಾಳಬೇಕಾದರೆ ಅದರಲ್ಲಿ ಎರಡು ಗುಣ ಇರಬೇಕೆಂದು ನನ್ನ ಲೆಕ್ಕ. ಒಂದು, ಬಿಟ್ಟ ಜಾಗ. ಇನ್ನೊಂದು, ಸಣ್ಣದೊಂದು ಕುಂಟು. ಇವೆರಡನ್ನೂ ಮನೆಯಲ್ಲೇ ಕುಳಿತು ಸಾಧಿಸಲು ಉಚಿತವಾಗಿ ಸಿಗುವ ಯಾವುದಾದರೂ ಸಂಗೀತ ತಂತ್ರಾಂಶ ಮತ್ತು ಕಿವಿ ಮುಚ್ಚುವ ಒಂದು ಹೆಡ್‌ಫೋನ್ ಸಾಕು. ದುಬಾರಿ ಉಪಕರಣ ಕೊಂಡು ನಂತರ ಕಲಿಯುತ್ತೇನೆ ಎನ್ನುವವರನ್ನು ಬಹಳ ಮಂದಿ ನೋಡಿದ್ದೇನೆ. ಅವರ ಉಪಕರಣಗಳು ಹೊಸದಾಗಿಯೇ ಉಳಿದಿವೆ.

ಮೊದಲು ಕೇಳುವುದು

ಕೆಲಸ ಶುರುವಾಗುವುದು ಕಿವಿಯಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಸಮುಚ್ಚಯದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಏರ್ಪಡಿಸಿದ್ದಳು. ಹಾಡು ಹಾಕುವ ಹೊಣೆ ಅವಳ ಅಣ್ಣ ಕ್ಲೈವ್‌ನದು. ಜಮೈಕಾದಲ್ಲಿ ಹುಟ್ಟಿ ಬಂದ ಅವನನ್ನು ಜಗತ್ತು ಈಗ ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತದೆ. ಹಾಡು ನಡೆಯುತ್ತಿರುವಾಗ ಸುಮ್ಮನೆ ನಿಂತವರು, ಉಳಿದ ವಾದ್ಯಗಳು ತಡೆದು ಡ್ರಮ್ ಒಂದೇ ನುಡಿಯುವ ಕೆಲವು ಕ್ಷಣಗಳಲ್ಲಿ ನೆಲ ಅದುರುವಂತೆ ಕುಣಿಯುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಆ ತುಣುಕಿಗೆ ‘ಬ್ರೇಕ್’ ಎಂದು ಹೆಸರು. ಅದನ್ನು ಹಿಗ್ಗಿಸಲು ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಅಕ್ಕಪಕ್ಕದ ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಸಿದ್ಧವಾಗಿಡುವುದು ಅವನ ಉಪಾಯ.

ನೀವೂ ಅದನ್ನೇ ಮಾಡಿ. ಗಾಯಕ ಜೇಮ್ಸ್ ಬ್ರೌನ್ ತಂಡ 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಧ್ವನಿಮುದ್ರಿಸಿದ ‘ಫಂಕಿ ಡ್ರಮ್ಮರ್’ ಹುಡುಕಿ, ಉಳಿದವರೆಲ್ಲ ಸುಮ್ಮನಾಗಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬನೇ ನುಡಿಸುವ ಭಾಗವನ್ನು ಇಪ್ಪತ್ತು ಸಲ ಕೇಳಿ. ಮೊದಲ ಐದು ಸಲ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಜೋರು ಸ್ನೇರ್ ಮಾತ್ರ ಕೇಳಿಸುತ್ತದೆ. ಆಮೇಲೆ ಅದರ ಸುತ್ತ ಪಿಸುಗುಟ್ಟುವ ಪೆಟ್ಟುಗಳು ಒಂದೊಂದಾಗಿ ಕಿವಿಗೆ ಬೀಳತೊಡಗುತ್ತವೆ. ಡ್ರಮ್ಮರ್‌ಗಳು ಇವಕ್ಕೆ ‘ಘೋಸ್ಟ್ ನೋಟ್’ ಎನ್ನುತ್ತಾರೆ: ಇದೆಯೋ ಇಲ್ಲವೋ ಎನ್ನಿಸುವ ದೆವ್ವದ ಪೆಟ್ಟು. ಮೃದಂಗದಲ್ಲಿ ಗಟ್ಟಿ ಚಾಪುಗಳ ನಡುವೆ ಬೆರಳ ತುದಿಗಳು ತುಂಬುವ ಮೆದು ಸೊಲ್ಲುಗಳನ್ನು ಬಲ್ಲವರಿಗೆ ಇದು ತಕ್ಷಣ ಹೊಳೆಯುತ್ತದೆ. ಅಸಂಖ್ಯ ಹಿಪ್‌ಹಾಪ್ ಹಾಡುಗಳು ಈ ತುಣುಕನ್ನು ಎತ್ತಿಕೊಂಡಿದ್ದರೂ ಅದು ಸವೆಯದಿರುವುದಕ್ಕೆ ಈ ಪಿಸುಮಾತೇ ಕಾರಣ. ಪ್ರತಿ ಸಲವೂ ಕಿವಿಗೆ ಏನೋ ಒಂದು ಬಾಕಿ ಉಳಿಯುತ್ತದೆ.

ಹದಿನಾರು ಚೌಕ

ವೇಗದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ 85ರಿಂದ 95 ಎಣಿಕೆ ಇಟ್ಟುಕೊಂಡರೆ ರ್‍ಯಾಪ್ ಮಾಡುವವರಿಗೆ ಉಸಿರಾಡಲು ಎಡೆ ಇರುತ್ತದೆ, ಕೇಳುವವರಿಗೆ ತಲೆದೂಗಲು ಸಮಯ ಸಿಗುತ್ತದೆ.

ತಂತ್ರಾಂಶದಲ್ಲಿ ಒಂದು ಆವರ್ತನ ಹದಿನಾರು ಚೌಕಗಳಾಗಿ ಕಾಣಿಸುತ್ತದೆ. ಒಂದು ಕಿಕ್, ಒಂದು ಸ್ನೇರ್, ಒಂದು ಹೈಹ್ಯಾಟ್ (ಜೋಡಿ ತಾಳದಂಥ ವಾದ್ಯ) ಆರಿಸಿಕೊಳ್ಳಿ. ಮೂರೇ. ಸ್ನೇರ್ 5 ಮತ್ತು 13ನೆಯ ಚೌಕಗಳಲ್ಲಿ, ಹೈಹ್ಯಾಟ್ ಬೆಸ ಸಂಖ್ಯೆಯ ಚೌಕಗಳಲ್ಲಿ, ಮೊದಲ ಕಿಕ್ 1ರಲ್ಲಿ. ಎರಡನೆಯ ಕಿಕ್ಕನ್ನು 9ರಲ್ಲಿ ಇಡುವುದು ಎಲ್ಲರಿಗೂ ಹೊಳೆಯುವ ದಾರಿ, ಹಾಗಾಗಿ ಅದನ್ನು ಬಿಡಿ. 8ರಲ್ಲಿ ಇಟ್ಟು ಕೇಳಿ, 11ರಲ್ಲಿ ಇಟ್ಟು ಕೇಳಿ. ನಮ್ಮ ಕಛೇರಿಗಳಲ್ಲಿ ಸಮದಲ್ಲಿ ಎತ್ತದೆ ಅರೆ ಎಣಿಕೆ ತಡೆದು ಹಾಡು ಎತ್ತುವಾಗ ಸಿಗುವ ಎಡುಪಿನ ಸುಖ ಇಲ್ಲಿಯೂ ಇದೆ. ಕೇಳುಗ ಕಾಲು ಊರಲು ಹೊರಟ ಕಡೆ ಮೆಟ್ಟಿಲು ಇಲ್ಲದಂತೆ ಮಾಡಿ, ಮರುಕ್ಷಣ ಒದಗಿಸಿಕೊಡುವುದು.

ಪೆಟ್ಟುಗಳನ್ನು ಹೀಗೆ ಬಿಡಿಬಿಡಿಯಾಗಿ ಇಡಬಹುದು ಎಂಬುದೇ ಒಂದು ಕಾಲಕ್ಕೆ ದೊಡ್ಡ ಆವಿಷ್ಕಾರ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೀಟ್ ಕಟ್ಟುತ್ತಿದ್ದ ಮಾರ್ಲಿ ಮಾರ್ಲ್ 1980ರ ದಶಕದ ನಡುವೆ ಹಳೆಯ ರೆಕಾರ್ಡೊಂದರಿಂದ ತುಣುಕು ಎತ್ತುವಾಗ ಅಚಾನಕ್ಕಾಗಿ ಸ್ನೇರ್ ಪೆಟ್ಟೊಂದು ಪ್ರತ್ಯೇಕವಾಗಿ ಸಿಕ್ಕಿಬಿಟ್ಟಿತು. ಬೇರೆಯವರ ಡ್ರಮ್ಮಿನ ನಾದ, ತನ್ನದೇ ನಡೆ! ಅಧ್ಯಕ್ಷ ನಿಕ್ಸನ್ ವಿರುದ್ಧ 1973ರಲ್ಲಿ ಬಂದ ‘ಇಂಪೀಚ್ ದ ಪ್ರೆಸಿಡೆಂಟ್’ ಹಾಡಿನ ಡ್ರಮ್ಮುಗಳನ್ನು ಅವನು ಹೀಗೆ ಬಿಡಿಸಿ 1986ರ ‘ದ ಬ್ರಿಡ್ಜ್’ನಲ್ಲಿ ಮರುಜೋಡಿಸಿದ. ಆ ಹಾಡಿನ ರಾಜಕೀಯ ಇಂದು ಇತಿಹಾಸದ ಪುಟ. ಅದರ ಸ್ನೇರ್ ಇನ್ನೂ ಚಲಾವಣೆಯಲ್ಲಿದೆ.

ಕುಂಟು

ಈಗ ನಿಮ್ಮ ಬೀಟ್ ಸರಿಯಾಗಿದೆ, ಮತ್ತು ಗೋಡೆ ಗಡಿಯಾರದಷ್ಟೇ ನೀರಸವಾಗಿದೆ. ಇಲ್ಲಿಂದ ಮುಂದಿನದೇ ನಿಜವಾದ ಕೆಲಸ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತಂತ್ರಾಂಶದಲ್ಲಿ ‘ಸ್ವಿಂಗ್’ ಎಂಬ ಗುಂಡಿ ಇರುತ್ತದೆ. ರೋಜರ್ ಲಿನ್ ಎಂಬ ಎಂಜಿನಿಯರ್ ತನ್ನ ಡ್ರಮ್ ಯಂತ್ರಗಳಿಗೆ ತಂದ ಈ ಸೌಲಭ್ಯ, ಅವನು ಅಕಾಯ್ ಕಂಪನಿಗಾಗಿ ರೂಪಿಸಿದ ಎಂಪಿಸಿ-60 ಯಂತ್ರದ ಮೂಲಕ 1988ರಿಂದ ಹಿಪ್‌ಹಾಪಿಗರ ಕೈಗೆ ಬಂತು. ಹದಿನಾರು ರಬ್ಬರ್ ಗುಂಡಿಗಳ, ಬೆರಳಲ್ಲಿ ಬಡಿದು ನುಡಿಸುವ ಪೆಟ್ಟಿಗೆ ಅದು. ಸ್ವಿಂಗ್ ಮಾಡುವುದಿಷ್ಟೇ: ಸರಿ ಸಂಖ್ಯೆಯ ಚೌಕಗಳ ಪೆಟ್ಟುಗಳನ್ನು ಕೂದಲೆಳೆಯಷ್ಟು ತಡಮಾಡುತ್ತದೆ. 50 ಶೇಕಡ ಎಂದರೆ ಎಲ್ಲವೂ ಸಮಾನ ಅಂತರ, ನಾಲ್ಕರ ನಡೆಯ ನಮ್ಮ ಚತುರಶ್ರ. 66ರ ಹತ್ತಿರ ಹೋದರೆ ಅದು ಮೂರರ ನಡೆಯ ತಿಶ್ರವಾಗಿಬಿಡುತ್ತದೆ. ಹಿಪ್‌ಹಾಪ್ ಬಾಳುವುದು ಇವೆರಡರ ನಡುವಿನ, ನಮ್ಮ ಲಕ್ಷಣಗ್ರಂಥಗಳು ಹೆಸರಿಡದ ಜಾಗದಲ್ಲಿ. 54ರಿಂದ ಶುರು ಮಾಡಿ ಒಂದೊಂದೇ ಅಂಕ ಏರಿಸುತ್ತ ಹೋಗಿ. ಆದರೆ ಮೊದಲು ಹೈಹ್ಯಾಟನ್ನು ಎಲ್ಲ ಹದಿನಾರು ಚೌಕಗಳಿಗೂ ತುಂಬಿಕೊಳ್ಳಿ, ಇಲ್ಲದಿದ್ದರೆ ತಡವಾಗಲು ಪೆಟ್ಟೇ ಇರುವುದಿಲ್ಲ. ಯಾವುದೋ ಒಂದು ಅಂಕದಲ್ಲಿ ನಿಮ್ಮ ತಲೆ ತಾನಾಗಿ ಅಲುಗುತ್ತದೆ. ಅಲ್ಲಿ ನಿಲ್ಲಿ.

ಡೆಟ್ರಾಯಿಟ್‌ನಲ್ಲಿ ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ ಅಷ್ಟಕ್ಕೇ ನಿಲ್ಲಲಿಲ್ಲ. ಎಲ್ಲ ವಾದ್ಯಕ್ಕೂ ಒಂದೇ ಕುಂಟು ಹಾಕುವ ಬದಲು ಅವನು ಒಂದೊಂದಕ್ಕೂ ಬೇರೆ ಬೇರೆ ನಡಿಗೆ ಕೊಟ್ಟ. ಸ್ನೇರ್ ಒಂದಿಷ್ಟು ಮುಂಚೆ ಬಂದರೆ ಕಿಕ್ ತೂಕಡಿಸಿಕೊಂಡು ಬರುತ್ತದೆ, ಹೈಹ್ಯಾಟ್ ತನ್ನ ಪಾಡಿಗೆ ನೇರವಾಗಿ ಹೋಗುತ್ತದೆ. ಕುಡಿದವನ ನಡಿಗೆ ಎಂದು ಮೊದಲು ಅನ್ನಿಸೀತು, ಆದರೆ ಬೀಳುವುದೇ ಇಲ್ಲ. ಅವನು ತೀರಿಕೊಂಡದ್ದು 2006ರ ಫೆಬ್ರುವರಿಯಲ್ಲಿ, 32 ತುಂಬಿದ ಮೂರನೆಯ ದಿನ. ಅವನ ಎಂಪಿಸಿ ಯಂತ್ರ ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಇದನ್ನು ಮಾಡಿ ನೋಡಲು ಪೆಟ್ಟುಗಳನ್ನು ಚೌಕಕ್ಕೆ ಕೂರಿಸುವ ತಂತ್ರಾಂಶದ ಸ್ವಯಂ ತಿದ್ದುಪಡಿಯನ್ನು ನಿಲ್ಲಿಸಿ, ಕಿಕ್ಕನ್ನು ಕೈಯಿಂದಲೇ ಬಡಿಯಿರಿ. ಸ್ನೇರನ್ನು ಹತ್ತು ಮಿಲಿಸೆಕೆಂಡ್ ಹಿಂದಕ್ಕೆ ಎಳೆಯಿರಿ, ಅಂದರೆ ಮುಂಚೆ ಬರುವಂತೆ. ಒಂದು ವಾದ್ಯವನ್ನು ಮಾತ್ರ ಕಡ್ಡಾಯವಾಗಿ ನೇರವಾಗಿ ಬಿಡಿ. ಎಲ್ಲವೂ ಕುಂಟಿದರೆ ಅದು ಶೈಲಿಯಾಗುವುದಿಲ್ಲ, ಅಭ್ಯಾಸ ಸಾಲದು ಎಂದಷ್ಟೇ ತಿಳಿಯುತ್ತದೆ. ನನ್ನ ಮೊದಲ ಎರಡು ವರ್ಷದ ಬೀಟುಗಳು ಈ ಜಾತಿಯವು.

ಹಳೆಯ ಸದ್ದು, ಹೊಸ ಗುರುತು

ಮುಂದಿನದು ಸ್ಯಾಂಪಲ್, ಅಂದರೆ ಹಳೆಯ ಧ್ವನಿಮುದ್ರಣದಿಂದ ಎತ್ತಿಕೊಂಡ ತುಣುಕು. ಇಂದು ಗಂಟೆಗಟ್ಟಲೆ ಸಂಗೀತವನ್ನು ಒಂದು ಫೈಲಿಗೆ ಸುರಿಯಬಹುದು. 1987ರಲ್ಲಿ ಬಂದ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹಿಡಿಯುತ್ತಿದ್ದದ್ದು ಹತ್ತು ಸೆಕೆಂಡ್. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಒಳಗೆ ತೆಗೆದುಕೊಂಡ ಮೇಲೆ ಮತ್ತೆ ನಿಧಾನ ಮಾಡುತ್ತಿದ್ದರು. ಆಗ ಸದ್ದಿನ ಅಂಚು ಹರಕಾಗಿ, ರವೆಯಂತೆ ತರಿತರಿಯಾಗುತ್ತಿತ್ತು. ಬಡತನದಿಂದ ಹುಟ್ಟಿದ ಆ ತರಿಯನ್ನೇ ಈಗ ತಂತ್ರಾಂಶಗಳು ಹಣ ಪಡೆದು ಮಾರುತ್ತವೆ. ನೀವು ಪುಕ್ಕಟೆಯಾಗಿ ಎರವಲು ಪಡೆಯಬೇಕಾದದ್ದು ಮಿತಿಯನ್ನು: ಎಲ್ಲ ಸ್ಯಾಂಪಲ್‌ಗಳೂ ಸೇರಿ ಹತ್ತು ಸೆಕೆಂಡ್ ಮೀರಬಾರದು.

ಮಾಬ್ ಡೀಪ್ ತಂಡದ ‘ಶೂಕ್ ಒನ್ಸ್, ಭಾಗ 2’ (1995) ಇದಕ್ಕೆ ಒಳ್ಳೆಯ ಪಾಠ. ಆ ಬೀಟಿನಲ್ಲಿ ಎದೆ ನಡುಗಿಸುವ ಒಂದು ಸ್ವರ ಸುತ್ತಿ ಸುತ್ತಿ ಬರುತ್ತದೆ. ಅದು ಎಲ್ಲಿಯದೆಂದು ಪತ್ತೆದಾರರು ಹದಿನಾರು ವರ್ಷ ಹುಡುಕಿದರು. ಕೊನೆಗೆ 2011ರಲ್ಲಿ ಉತ್ತರ ಸಿಕ್ಕಿತು: ಹರ್ಬಿ ಹ್ಯಾನ್‌ಕಾಕ್‌ನ ‘ಜೆಸಿಕಾ’ ಎಂಬ, 1969ರ ಶಾಂತ ಜಾಝ್ ರಚನೆಯ ಪಿಯಾನೊ. ಬೀಟ್ ಕಟ್ಟಿದ ಹ್ಯಾವಕ್ ಅದರ ಚೂರನ್ನು ಇಳಿಸಿ, ಕತ್ತರಿಸಿ, ಮರುಜೋಡಿಸಿದ್ದ. ಮೂಲವನ್ನು ಕೇಳಿದರೆ ಸಂಜೆಯ ಮಳೆ ನೆನಪಾಗುತ್ತದೆ, ಅವನದನ್ನು ಕೇಳಿದರೆ ಕತ್ತಲ ಓಣಿಯಲ್ಲಿ ಹಿಂದೆ ಯಾರೋ ನಡೆದು ಬಂದಂತಾಗುತ್ತದೆ.

ಕ್ರಮ ಇಷ್ಟು. ನಿಮಗಿಷ್ಟವಾದ ಭಾಗದ ಪಕ್ಕದ ಎರಡು ಸೆಕೆಂಡ್ ಎತ್ತಿ. ಇಷ್ಟವಾದ ಭಾಗವನ್ನೇ ಎತ್ತಿದರೆ ಹಳೆಯ ಹಾಡಿನ ನೆನಪೇ ಗೆಲ್ಲುತ್ತದೆ. ಶ್ರುತಿ ಮೂರು ನಾಲ್ಕು ಮನೆ ಇಳಿಸಿ, ನಾಲ್ಕು ಚೂರು ಮಾಡಿ, ಕ್ರಮ ಬದಲಿಸಿ. ಒಂದು ಚೂರನ್ನು ಎಸೆದು ಅದರ ಜಾಗ ಖಾಲಿ ಬಿಡಿ.

ಇಲ್ಲಿ ಕಾನೂನಿನ ಮಾತು ಬರಲೇಬೇಕು. ರ್‍ಯಾಪರ್ ಬಿಜ್ ಮಾರ್ಕಿ ಅನುಮತಿಯಿಲ್ಲದೆ ಗಾಯಕ ಗಿಲ್ಬರ್ಟ್ ಒ’ಸಲಿವನ್‌ನ ಹಾಡಿನ ತುಣುಕು ಬಳಸಿದ ಪ್ರಕರಣದಲ್ಲಿ 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ನೀಡಿದ ಆದೇಶ ‘ಕದಿಯಬಾರದು’ ಎಂಬ ಬೈಬಲ್ ವಾಕ್ಯದಿಂದಲೇ ಶುರುವಾಗುತ್ತದೆ. ಅಂದಿನಿಂದ ಸ್ಯಾಂಪಲ್ ಎಂದರೆ ಪರವಾನಗಿ, ಪರವಾನಗಿ ಎಂದರೆ ಹಣ. ಬಪ್ಪಿ ಲಹಿರಿ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ್ದ ‘ಥೋಡಾ ರೇಶಮ್ ಲಗ್ತಾ ಹೈ’ 2002ರಲ್ಲಿ ಅಮೆರಿಕದ ‘ಅಡಿಕ್ಟಿವ್’ ಹಾಡಿನೊಳಗೆ ಹೇಳದೆ ಕೇಳದೆ ಕಾಣಿಸಿಕೊಂಡಾಗಲೂ ವಿಷಯ ಅಲ್ಲಿನ ಕೋರ್ಟಿಗೇ ಹೋಯಿತು. ಇಷ್ಟಾದರೂ ಡ್ರಮ್ಮರ್‌ಗಳ ಕಥೆ ಬೇರೆಯೇ. 1969ರಲ್ಲಿ ವಿನ್‌ಸ್ಟನ್ಸ್ ತಂಡದ ರೆಕಾರ್ಡೊಂದರ ಹಿಂಬದಿಯಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಸುಮಾರು ಏಳು ಸೆಕೆಂಡಿನ ‘ಏಮೆನ್ ಬ್ರೇಕ್’ ಸಾವಿರಾರು ಹಾಡುಗಳಿಗೆ ಅಡಿಪಾಯವಾಯಿತು. ಅವನಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ: ನಿಮ್ಮೂರಿನ ತಮಟೆಯವರನ್ನೋ ಡೊಳ್ಳಿನವರನ್ನೋ ಕರೆದು ಅರ್ಧ ಗಂಟೆ ಧ್ವನಿಮುದ್ರಿಸಿ, ಅವರ ಕೂಲಿಯನ್ನು ಅಂದೇ ಕೊಟ್ಟು, ಹಾಡಿನಲ್ಲಿ ಅವರ ಹೆಸರು ಹಾಕಿ.

ತಳ

ಬೇಸ್‌ಗೆ, ಅಂದರೆ ತಳದ ದಪ್ಪ ನಾದಕ್ಕೆ, ಹೆಚ್ಚಿನವರು ಮೊರೆಹೋಗುವುದು 808ಕ್ಕೆ. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಯಂತ್ರ ನಿಜವಾದ ಡ್ರಮ್ಮಿನ ಹಾಗೆ ಕೇಳಿಸುವುದಿಲ್ಲ ಎಂದು ಮೂಗು ಮುರಿದವರೇ ಹೆಚ್ಚು; ಸುಮಾರು ಹನ್ನೆರಡು ಸಾವಿರ ಯಂತ್ರ ತಯಾರಿಸಿ 1983ರಲ್ಲಿ ನಿಲ್ಲಿಸಿದರು. ಹಳೆಯ ಸಾಮಾನಿನ ಅಂಗಡಿ ಸೇರಿದ ಮೇಲೆಯೇ ಅದು ಬಡ ಹುಡುಗರ ಕೈಗೆ ನಿಲುಕಿದ್ದು. ಅದರ ಕಿಕ್ ಗುಮ್ಮೆಂದು ಬಹಳ ಹೊತ್ತು ಉಳಿಯುತ್ತದೆ, ಹಾಗಾಗಿ ಅದನ್ನೇ ಶ್ರುತಿ ಸೇರಿಸಿ ಬೇಸ್ ಆಗಿ ನುಡಿಸಬಹುದು. ಒಂದು ಎಚ್ಚರ: ಮೊಬೈಲಿನ ಪುಟ್ಟ ಸ್ಪೀಕರ್ ಈ ತಳದ ನಾದವನ್ನು ನುಂಗಿಹಾಕುತ್ತದೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಸ್ವಲ್ಪ ಬೆರೆಸಿದರೆ ಮೇಲಿನ ಸ್ವರಾಂಶಗಳು ಹುಟ್ಟಿ, ತಳ ಇದೆಯೆಂದು ಕಿವಿ ಊಹಿಸಿಕೊಳ್ಳುತ್ತದೆ.

ತೆಗೆಯುವುದು

ಇಷ್ಟು ಹೊತ್ತು ಸೇರಿಸಿದ್ದಾಯಿತು. ಈಗ ಪ್ರತಿ ವಾದ್ಯವನ್ನೂ ಒಂದೊಂದಾಗಿ ಮೌನ ಮಾಡಿ ಕೇಳಿ. ಮೌನ ಮಾಡಿದ್ದು ತಿಳಿಯದೇ ಹೋದರೆ ಅಳಿಸಿ. ರ್‍ಯಾಪ್‌ನ ಮಾತು ಶುರುವಾಗುವ ಮುಂಚಿನ ಎರಡು ಎಣಿಕೆಗೆ ಡ್ರಮ್ ಪೂರ್ತಿ ನಿಲ್ಲಿಸಿ ನೋಡಿ; ಮರಳಿ ಬರುವ ಕಿಕ್ ಮೊದಲಿಗಿಂತ ದೊಡ್ಡದಾಗಿ ಕೇಳಿಸುತ್ತದೆ.

ಕನ್ನಡದಲ್ಲಿ ರ್‍ಯಾಪ್ ಮಾಡುವವರು ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಇಂಗ್ಲಿಷ್ ರ್‍ಯಾಪ್‌ನ ಪ್ರಾಸ ಸಾಲಿನ ಕೊನೆಯಲ್ಲಿ, ಸಾಮಾನ್ಯವಾಗಿ ಕೊನೆಯ ಸ್ನೇರ್ ಹತ್ತಿರ ಬೀಳುತ್ತದೆ. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದೆ, ಅಂದರೆ ತಲೆಬಾಗಿಲಲ್ಲೇ. ಅದನ್ನು ಬಳಸುವ ಮನಸ್ಸಿದ್ದರೆ 2 ಮತ್ತು 3ನೆಯ ಚೌಕಗಳನ್ನು ಬರಿದು ಮಾಡಿ ಮಾತಿಗೆ ಬಿಟ್ಟುಕೊಡಿ. ಜೊತೆಗೆ ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಸಾಲಿನ ಕೊನೆ ಮೆತ್ತಗಾಗುವುದರಿಂದ ಅಲ್ಲಿ ಬರುವ ಸ್ನೇರ್ ಒಣಗಿದ್ದು, ಮೊಟಕಾಗಿದ್ದರೆ ಒಳ್ಳೆಯದು.

ಕಡೆಯ ಪರೀಕ್ಷೆ ಮತ್ತೆ ಬೆಂಚು. ಫೈಲನ್ನು ಮುಚ್ಚಿ ಒಂದು ವಾರ ಮುಟ್ಟಬೇಡಿ. ಆಮೇಲೆ ಕೇಳದೆಯೇ ಮೇಜಿನ ಮೇಲೆ ಬಡಿದು ನೋಡಿ. ಕೈಗೆ ಬರದಿದ್ದರೆ ಬೀಟಿನಲ್ಲಿ ಏನೋ ಹೆಚ್ಚಾಗಿದೆ.

ಕಳೆದ ಬೇಸಿಗೆಯಲ್ಲಿ ನಾನು ತಿಂಗಳುಗಟ್ಟಲೆ ತಿದ್ದಿದ ಬೀಟೊಂದನ್ನು ಅಕ್ಕನ ಮಗ ಒಂದೆರಡು ಸಲ ಕೇಳಿದ್ದ. ಮಾರನೆಯ ದಿನ ತಿಂಡಿಗೆ ಕುಳಿತಾಗ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಅದನ್ನೇ ಬಡಿಯುತ್ತಿದ್ದ. ಮೂರನೆಯ ಕಿಕ್ ಮಾತ್ರ ಪ್ರತಿ ಸುತ್ತಿನಲ್ಲೂ ತಪ್ಪಿಸುತ್ತಿದ್ದ. ಎರಡು ಸಲ ತಿದ್ದಿ ಹೇಳಿಕೊಟ್ಟೆ, ಎರಡು ಸಲವೂ ಅವನು ತನ್ನ ದಾರಿಗೇ ಮರಳಿದ. ದೋಸೆ ಆರುತ್ತಿದೆ ಎಂದು ಅಕ್ಕ ಗದರುತ್ತಿರುವಾಗಲೇ ಎದ್ದು ಹೋಗಿ, ಲ್ಯಾಪ್‌ಟಾಪ್ ತೆರೆದು, ಆ ಕಿಕ್ಕನ್ನು ಅಳಿಸಿ ಬಂದೆ.