ಬಣ್ಣ ಮೊದಲು, ಎಂಜಿನ್ ಆಮೇಲೆ: ನನ್ನ ಯೆಜ್ಡಿಯ ತಪ್ಪು ಲೆಕ್ಕ

ಮೊದಲ ಸಲ ನೋಡಿದಾಗ ಅದರ ಹರಿದ ಸೀಟಿನೊಳಗೆ ಕೋಳಿ ಕಾವಿಗೆ ಕೂತಿತ್ತು. ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿಯ ದನದ ಕೊಟ್ಟಿಗೆ, 2017ರ ಡಿಸೆಂಬರ್. 1986ರ ಯೆಜ್ಡಿ ಕ್ಲಾಸಿಕ್ ಬೈಕು, ಎರಡೂ ಟೈರು ನೆಲಕಚ್ಚಿದ್ದವು, ಹೆಡ್‌ಲೈಟಿನ ಗಾಜು ಇರಲಿಲ್ಲ. ಕಿಕ್ಕರ್ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದೆ, ಇಳಿಯಿತು. ಎಂಜಿನ್ ಜಾಮ್ ಆಗಿಲ್ಲ ಅಂದರೆ ಸಾಕು ಅಂದುಕೊಂಡೆ. ರೂ. 18,000 ಅಂದವರು 14,000ಕ್ಕೆ ಒಪ್ಪಿದರು. ಕೋಳಿ ಏಳುವ ತನಕ ಹದಿನೈದು ದಿನ ಕಾಯಬೇಕು ಅನ್ನುವುದು ಅವರ ಮನೆಯ ಅಜ್ಜಿಯ ಷರತ್ತು. ಕಾದೆ.

ನನಗೆ ಆಗ 26. ಅದುವರೆಗೆ ಸೈಕಲ್ ಬಿಟ್ಟು ಬೇರೆ ಗಾಡಿ ಇಟ್ಟವನಲ್ಲ. ಅದೇ ದುಡ್ಡಿಗೆ ಓಡುತ್ತಿರುವ 100 ಸಿಸಿ ಗಾಡಿ ಸಿಗುತ್ತಿತ್ತು, ಸ್ನೇಹಿತರೆಲ್ಲ ಅದನ್ನೇ ಹೇಳಿದರು. ಆದರೆ ನಾನು ಮೈಸೂರಿನವನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿ ಮಾಡಲು ಶುರುಮಾಡಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಹಾಕಿತು. ಬೀದಿ ಕೊನೆಯಲ್ಲಿ ಆ ಎರಡು ಸೈಲೆನ್ಸರಿನ ಡಗಡಗ ಕೇಳಿದರೆ ಯಾರ ಮನೆಗೆ ಯಾರು ಬಂದರು ಅಂತ ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಯಾಕೆ ಅನ್ನುವ ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಭಾಗ) ಬಿಚ್ಚಿದ ದಿನ ಸಿಕ್ಕಿತು: ಹೊಗೆ ಹೋಗುವ ಕಿಂಡಿಗಳೇ ಎರಡಿವೆ.

ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ಇದೇ ಗಾಡಿ ರಿಪೇರಿ ಮಾಡುವವರೊಬ್ಬರಿದ್ದಾರೆ. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ಮೊದಲು ಕೇಳಿದ್ದು ಎಂಜಿನ್ ವಿಷಯವಲ್ಲ. "ಬುಕ್ ಎಲ್ಲಪ್ಪಾ? ಗಾಡಿ ನಾನು ಸರಿಮಾಡ್ತೀನಿ, ಬುಕ್ ನಾನು ಮಾಡಕ್ಕಾಗಲ್ಲ." ಬುಕ್ ಅಂದರೆ ಆರ್‌ಸಿ, ಗಾಡಿಯ ನೋಂದಣಿ ಪತ್ರ. ನನ್ನ ಗಾಡಿಯದು ಮಾರಿದವರ ತಂದೆಯ ಹೆಸರಿನಲ್ಲಿತ್ತು, ಅವರು ತೀರಿಕೊಂಡಿದ್ದರು. ಅಂಥ ಗಾಡಿ ನೇರವಾಗಿ ಕೊಂಡವರ ಹೆಸರಿಗೆ ಬರುವುದಿಲ್ಲ. ಮೊದಲು ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಇಟ್ಟು ಫಾರಂ 31ರಲ್ಲಿ ಮಗನ ಹೆಸರಿಗೆ ಆಗಬೇಕು, ಆಮೇಲೆ ಫಾರಂ 29, 30ರಲ್ಲಿ ನಮ್ಮ ಹೆಸರಿಗೆ. ಮಾರಿದವರು ಒಳ್ಳೆಯವರು, ಮೂರು ಸಲ ಬಸ್ಸು ಹತ್ತಿ ಬಂದು ಸಹಿ ಹಾಕಿಕೊಟ್ಟರು. ಕೆಲವರು ದುಡ್ಡು ಕೈಸೇರಿದ ಮೇಲೆ ಫೋನೇ ಎತ್ತುವುದಿಲ್ಲವಂತೆ.

ಆಮೇಲೆ ನಾನು ಮಾಡಿದ ಕೆಲಸ ಬಣ್ಣ ಹೊಡೆಸಿದ್ದು.

ಯಾಕೆ ಅಂದರೆ ಮನೆಯಲ್ಲಿ ತುಕ್ಕಿನ ಗಾಡಿ ನೋಡಿ ಅಪ್ಪ ದಿನಾ ಗೊಣಗುತ್ತಿದ್ದರು. ಕೈಯಲ್ಲಿ ರೂ. 20,000 ಇತ್ತು. ಚಾಚಾ ಬೇಡ ಅಂದರು, "ಮದುವೆಗೆ ಮುಂಚೆ ಫೋಟೋ ತೆಗೆಸ್ತಾ ಇದ್ದೀಯ" ಅಂದರು. ಕೇಳಲಿಲ್ಲ. ಟ್ಯಾಂಕಿನೊಳಗಿನ ತುಕ್ಕನ್ನು ಮಾತ್ರ ನಾನೇ ತೆಗೆದೆ: ಎರಡು ಹಿಡಿ ಹಳೇ ನಟ್ಟು ಹಾಕಿ, ವಿನೆಗರ್ ತುಂಬಿ, ಎರಡು ದಿನ ಆಗಾಗ ಅಲ್ಲಾಡಿಸಿ, ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಲಲ್ಲಿ ಒಣಗಿಸಿ ಸ್ವಲ್ಪ ಪೆಟ್ರೋಲು ಆಡಿಸಿದೆ. ಒದ್ದೆ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು ಹಿಡಿಯುತ್ತದೆ. ಟಿಂಕರಿಂಗ್, ಪುಟ್ಟಿ, ಮರೂನ್ ಬಣ್ಣ ಎಲ್ಲ ಸೇರಿ ರೂ. 11,000. ರಿಮ್ಮಿಗೆ, ಸೈಲೆನ್ಸರಿಗೆ ನಿಕಲ್ ಹಾಕಿಸಲು ಇನ್ನೊಂದು 6,500. ಕನ್ನಡಿಯ ಹಾಗೆ ಹೊಳೆಯುವ, ಒಂದಿಂಚೂ ಓಡದ ಗಾಡಿ ಮೂರು ತಿಂಗಳು ವರಾಂಡದಲ್ಲಿ ನಿಂತಿತು.

ಮೇ ತಿಂಗಳಲ್ಲಿ ಬ್ಲಾಕ್ ಬಿಚ್ಚಿದೆವು. ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಲೇತಿನಲ್ಲಿ ಬೋರ್ ಅಗಲ ಮಾಡಿಸಿ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದೆವು. ಪಿಸ್ಟನ್ ಮೊದಲು ತಂದು ಅದರ ಅಳತೆಗೆ ಬೋರ್ ಹಿಡಿಸಬೇಕು, ಬೋರ್ ಮಾಡಿಸಿ ಪಿಸ್ಟನ್ ಹುಡುಕಬಾರದು. ಇದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರವಿಡೀ ಅಂಗಡಿಯಿಂದ ಅಂಗಡಿಗೆ ಅಲೆದಿದ್ದೇನೆ. ಎಂಜಿನ್ ಕೇಸು ಪೂರ್ತಿ ಬಿಚ್ಚಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಅಚ್ಚಿನ) ಎರಡು ಬದಿಯ ಆಯಿಲ್ ಸೀಲ್, ಅಂದರೆ ಆಯಿಲ್ ಒಳಗೆ ನುಗ್ಗದಂತೆ ತಡೆಯುವ ಬಳೆ, ಬದಲಿಸೋಣ ಅಂತ ಚಾಚಾ ಹೇಳಿದರು. ಸೀಲಿನ ಬೆಲೆ ನೂರಿನ್ನೂರು, ಬಿಚ್ಚಿ ಜೋಡಿಸುವ ಕೂಲಿ ನಾಲ್ಕು ಸಾವಿರ. ಬಣ್ಣಕ್ಕೆ ಹೋದ ದುಡ್ಡು ಇಲ್ಲಿರಬೇಕಿತ್ತು. "ಮುಂದಿನ ಸಲ ಮಾಡೋಣ ಚಾಚಾ" ಅಂದೆ. ಅವರು ಏನೂ ಹೇಳಲಿಲ್ಲ, ಬೀಡಿ ಹಚ್ಚಿಕೊಂಡರು.

ನನಗೆ ಬಹಳ ಇಷ್ಟವಾದ ಪಾಠ ಟೈಮಿಂಗ್ ಕೂರಿಸುವುದು, ಅಂದರೆ ಕಿಡಿ ಯಾವಾಗ ಹಾರಬೇಕು ಅಂತ ಹೊಂದಿಸುವುದು. ಪಾಯಿಂಟ್ ಅಂದರೆ ಬಿಟ್ಟಾಗ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಅದರ ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಬೇಕು. ಆಮೇಲೆ ಪ್ಲಗ್ಗಿನ ತೂತಿನಿಂದ ಪಿಸ್ಟನ್ ಎಲ್ಲಿದೆ ಅಂತ ಅಳೆದು, ಅದು ಮೇಲೆ ತಲುಪುವ ಸ್ವಲ್ಪ ಮುಂಚೆ ಪಾಯಿಂಟ್ ಬಿಡುವ ಹಾಗೆ ಪ್ಲೇಟು ತಿರುಗಿಸಬೇಕು. ಬಿಡುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಸಿಗರೇಟು ಪ್ಯಾಕಿನ ಮೇಲಿನ ಪಾರದರ್ಶಕ ಹಾಳೆಯ ಚೂರನ್ನು ಪಾಯಿಂಟ್ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸುವುದು. ಹಾಳೆ ಸಡಿಲವಾಗಿ ಕೈಗೆ ಬಂದ ಜಾಗವೇ ಕಿಡಿ ಹಾರುವ ಜಾಗ. ಈಗಲೂ ನಾನು ಹಾಗೇ ಮಾಡುವುದು.

ಜೂನ್ 10, ಏಳನೇ ಕಿಕ್ಕಿಗೆ ಹತ್ತಿತು. ಬೀದಿಯೆಲ್ಲ ಹೊಗೆ. ಅಮ್ಮ ಒಗೆದು ಹಾಕಿದ ಬಟ್ಟೆ ಎತ್ತಿಕೊಂಡು ಒಳಗೋಡಿದಳು.

ಓಡಿಸಲು ಕಲಿತಿದ್ದೂ ಅದರಲ್ಲೇ. ಗೇರ್ ಲಿವರ್, ಕಿಕ್ಕರ್ ಎರಡೂ ಒಂದೇ, ಅದೂ ಎಡಗಡೆ. ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಬಂದರೆ ಗೇರು. ಲಿವರ್ ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುತ್ತದೆ, ಹಾಗಾಗಿ ಕ್ಲಚ್ ಹಿಡಿಯದೆ ಗೇರು ಹಾಕುವ ಚಟ ನನಗೆ ಅಂಟಿತು. ಗೆಳೆಯನ ಗಾಡಿಯಲ್ಲಿ ಅದನ್ನೇ ಮಾಡಿ ಬೈಸಿಕೊಂಡಿದ್ದೇನೆ. 6 ವೋಲ್ಟಿನ ಹೆಡ್‌ಲೈಟ್ ದಾರಿ ತೋರಿಸುವುದಿಲ್ಲ, ನಾವು ಬರುತ್ತಿದ್ದೇವೆ ಅಂತ ಎದುರಿನವರಿಗೆ ಹೇಳುತ್ತದೆ ಅಷ್ಟೆ. ಮೊದಲ ಗಾಡಿಯಾಗಿ ಇದನ್ನು ತಗೊಳ್ಳುವವರು ಕತ್ತಲಾಗುವ ಮುಂಚೆ ಮನೆ ಸೇರುವುದು ವಾಸಿ.

ಹೊಸ ಪಿಸ್ಟನ್ ಅಂತ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂಟಿ (ಟೂಸ್ಟ್ರೋಕ್ ಎಂಜಿನ್ನಿನ) ಆಯಿಲ್ ಹಾಕುತ್ತಿದ್ದೆ, ನಿಧಾನವಾಗಿ ಓಡಿಸುತ್ತಿದ್ದೆ. ಆದರೂ 200 ಕಿಲೋಮೀಟರ್ ಆಗುವ ಮುಂಚೆ ಚಾಮುಂಡಿ ಬೆಟ್ಟ ಇಳಿಯುವಾಗ ಎಂಜಿನ್ ಹಿಡಿದು ಜಾಮ್ ಆಯಿತು. ಹತ್ತುವಾಗಲ್ಲ, ಇಳಿಯುವಾಗ. ಟೂಸ್ಟ್ರೋಕಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಹೋಗುತ್ತಿರುವುದಿಲ್ಲ. ಹಿಂದಿನ ಚಕ್ರ ಕಿರ್ರೆಂದಾಗ ಹೇಗೋ ಕ್ಲಚ್ ಹಿಡಿದೆ. ಅರ್ಧ ಗಂಟೆ ತಣ್ಣಗಾದ ಮೇಲೆ ಮತ್ತೆ ಹತ್ತಿತು, ಪುಣ್ಯ. ಈಗ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೊಂದು ರೇಸ್ ಕೊಡುತ್ತೇನೆ.

ಸೀಲಿನ ಸಾಲ ತೀರಿಸುವ ದಿನ ಆಗಸ್ಟಿನಲ್ಲಿ ಬಂತು. ಎಷ್ಟು ದೂರ ಓಡಿಸಿದರೂ ಬಿಳಿ ಹೊಗೆ ನಿಲ್ಲಲಿಲ್ಲ. ಗೇರ್‌ಬಾಕ್ಸಿನ ಆಯಿಲ್ ವಾರಕ್ಕೆ ಕಾಲು ಲೀಟರ್ ಮಾಯವಾಗುತ್ತಿತ್ತು, ಕೆಳಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಎಡಗಡೆಯ ಸೀಲು ಸತ್ತರೆ ಹೀಗೇ: ಪಿಸ್ಟನ್ ಮೇಲೆ ಹೋದಾಗಲೆಲ್ಲ ಕ್ರ್ಯಾಂಕ್ ಕೇಸು ಆ ಬದಿಯ ಆಯಿಲನ್ನು ಒಳಗೆಳೆದು ಸುಟ್ಟುಬಿಡುತ್ತದೆ. ಎಂಜಿನ್ ಇಳಿಸಿದೆವು. ಇಳಿಸುವಾಗ ಒಂದು ಕಡೆ, ಏರಿಸುವಾಗ ಇನ್ನೊಂದು ಕಡೆ ಫ್ರೇಮಿನ ಮರೂನ್ ಕೆತ್ತಿ ಹೋಯಿತು. ಸೀಲು, ಬೇರಿಂಗು, ಕೂಲಿ ಸೇರಿ ರೂ. 7,200. ಎಲ್ಲ ಕೂಡಿಸಿದರೆ ಗಾಡಿಯ ಬೆಲೆ ಬಿಟ್ಟು 43,000 ದಾಟಿತ್ತು.

ಉಳಿದಿದ್ದು ಆರ್‌ಟಿಒ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು, ಗಾಡಿ ಒಯ್ದು ತೋರಿಸಬೇಕು. (ಇದನ್ನು ವಿಂಟೇಜ್ ಅಂತ ಹೇಳಿಕೊಳ್ಳಲೂ ಆಗುವುದಿಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು, ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ.) ಇನ್‌ಸ್ಪೆಕ್ಟರ್ ಹಾರ್ನ್ ಕೇಳಿದರು, ಬ್ರೇಕ್ ಹಿಡಿದು ನೋಡಿದರು, ಆಮೇಲೆ ಹ್ಯಾಂಡಲಿನ ಕೆಳಗೆ ಬಗ್ಗಿ ಫ್ರೇಮಿಗೆ ಒತ್ತಿರುವ ಚಾಸಿ ನಂಬರ್ ಹುಡುಕಿದರು. ಅಲ್ಲಿ ನುಣ್ಣನೆಯ ಮರೂನ್ ಬಿಟ್ಟು ಏನೂ ಇರಲಿಲ್ಲ. ಪೇಂಟರ್ ಪುಟ್ಟಿ ಮೆತ್ತಿ ಅಂಕಿಗಳನ್ನು ಮುಚ್ಚಿಬಿಟ್ಟಿದ್ದ.

"ನಂಬರ್ ಕಾಣದೆ ನಾನು ಸಹಿ ಹಾಕಲ್ಲ" ಅಂದರು. ಹೊರಗೆ ಹುಣಸೆ ಮರದ ಕೆಳಗೆ ಕೂತು, ಪಕ್ಕದ ಜೆರಾಕ್ಸ್ ಅಂಗಡಿಯಿಂದ ಬ್ಲೇಡು, ಪೆನ್ಸಿಲು ಇಸ್ಕೊಂಡು, ಹನ್ನೊಂದು ಸಾವಿರದ ಬಣ್ಣವನ್ನು ನಾನೇ ಕೆರೆಯಲು ಶುರುಮಾಡಿದೆ. ಮುಕ್ಕಾಲು ಗಂಟೆಗೆ ಕೊನೆಯ ಅಂಕಿ ಕಂಡಿತು.